ರಸಮಟ್ಟದ ಗುಳ್ಳೆ

ಹಿಲ್ಬ್ರಾಂಡ್, ನೀನು ಹುಟ್ಟಿದ ಸೀಮೆಯಲ್ಲಿ
ಎಲ್ಲಕ್ಕಿಂತ ಎತ್ತರದ ಜಾಗ
ಕಾಲುವೆಯ ಏರಿ.
ಅದರ ಮೇಲೊಂದು ಹಸು ನಿಂತರೆ
ಮೂರು ಹಳ್ಳಿಗೆ ಕಾಣುತ್ತಿತ್ತು.

ಅಂಥವನು ಹಡಗಿಳಿದು ಟಾಸ್ಮೇನಿಯಾದಲ್ಲಿ
ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು
ನಾಲ್ಕಡಿ ನಡೆದರೆ ಒಂದಡಿ ಇಳಿಯುವ ನೆಲ.
ಮಾರಿದವನು ನಗುತ್ತಿದ್ದ. ನಾನೂ ನಕ್ಕೆ,
ಇಂಗ್ಲಿಷ್ ಬಾರದ ಕಾರಣ.

ಮೊದಲ ದಿನ ರಸಮಟ್ಟವನ್ನು ಹುಲ್ಲಿನ ಮೇಲಿಟ್ಟೆ.
ಗುಳ್ಳೆ ಮೇಲ್ತುದಿಗೆ ಓಡಿ ಅಂಟಿಕೊಂಡಿತು,
ಶಾಲೆಗೆ ಹೋಗೆನೆಂದು ಕಂಬ ತಬ್ಬಿದ ಮಗುವಿನ ಹಾಗೆ.
"ಕಡಿದು ಸಮ ಮಾಡೋಣ," ಅಂದೆ.
ನಿನಗೆ ನೆಲವೆಂದರೆ ಸಪಾಟು;
ಉಳಿದದ್ದೆಲ್ಲ ಯಾರೋ ಅರ್ಧಕ್ಕೆ ಬಿಟ್ಟ ಕೆಲಸ.

ಬುಲ್ಡೋಜರಿನ ಕ್ಲೆಮ್ ಬಂದ.
ಎರಡು ಗಂಟೆ ಮಣ್ಣು. ಮೂರನೆಯದಕ್ಕೆ ನೀಲಿಗಲ್ಲು.
ಅಲಗಿನ ಮೂಲೆ ಮುರಿಯಿತು.
ಕ್ಲೆಮ್ ಟೋಪಿ ತೆಗೆದು ಕಲ್ಲಿಗೆ ಮರ್ಯಾದೆ ಕೊಟ್ಟು
ಮೂರೂ ಗಂಟೆಯ ಹಣ ಎಣಿಸಿಕೊಂಡು ಹೋದ.

ಆ ರಾತ್ರಿ ತಗಡಿನ ಶೆಡ್ಡಿನಲ್ಲಿ
ನೀನು ಲೆಕ್ಕದ ಹಾಳೆಯೆದುರು ಮುಖ ಬಿಟ್ಟುಕೊಂಡು ಕೂತಿದ್ದೆ.
ನಾನು ಎರಡು ಬೆಂಕಿಪೊಟ್ಟಣ ಒತ್ತೊತ್ತಾಗಿ ನಿಲ್ಲಿಸಿ
ಒಂದನ್ನು ಅರ್ಧ ಮೇಲೆತ್ತಿ
ಅಡಿಗೆ ಬ್ರೆಡ್ಡಿನ ತುಂಡು ಕೊಟ್ಟೆ.
ನೀನು ಏನೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ
ಪೊಟ್ಟಣದ ಮಗ್ಗುಲಲ್ಲಿ ಪೆನ್ಸಿಲಿನ ಏಳು ಗೀರು.

ಕಲ್ಲಿನ ನೆತ್ತಿಯ ಮೇಲೆ ಮಲಗುವ ಕೋಣೆ,
ಏಳು ಮೆಟ್ಟಿಲು ಕೆಳಗೆ ಒಲೆ, ಊಟದ ಮೇಜು,
ಇನ್ನೂ ಏಳು ಇಳಿದರೆ ನಿನ್ನ ಗರಗಸ, ನನ್ನ ಬಟ್ಟೆತೊಟ್ಟಿ.
ಕೌನ್ಸಿಲಿನವನು ಕೇಳಿದ: ಎಷ್ಟು ಅಂತಸ್ತು?
ಒಂದೂವರೆ ಅಂದೆ. ಅವನ ಫಾರಮಿನಲ್ಲಿ
ಅದಕ್ಕೆ ಚೌಕವಿರಲಿಲ್ಲ.

ಒಲೆಯ ಮುಂದೆ ನಿಂತರೆ ನನ್ನ ಕಣ್ಣಿನ ನೇರಕ್ಕೆ
ಫೆನ್ನಾಳ ಪಾದ ಓಡಾಡುತ್ತಿತ್ತು.
ಕಾಲುಚೀಲ ತೂತಾದದ್ದು
ಅವಳಿಗಿಂತ ಮೊದಲು ನನಗೆ ಗೊತ್ತು.
ಜಗಳವಾಡಿ ನೀನು ಮೇಲೆ ಹೋದರೂ
ಪೂರ್ತಿ ಹೋದ ಹಾಗಾಗುತ್ತಿರಲಿಲ್ಲ.
ಏಳು ಮೆಟ್ಟಿಲಿಗೆ ಬಾಗಿಲಿಲ್ಲ; ನಿನ್ನ ಕೆಮ್ಮು
ನೇರ ಬಂದು ನನ್ನ ಬಟಾಣಿ ಸೂಪಿಗೆ ಬೀಳುತ್ತಿತ್ತು.

ಮೊದಲ ಮಳೆಗಾಲದ ಒಂದು ರಾತ್ರಿ
ಸಲಿಕೆ ಹಿಡಿದು ಎದ್ದು ಓಡಿದೆ,
ನಿಮ್ಮಪ್ಪ ಓಡುತ್ತಿದ್ದ ಹಾಗೆ, ಸಮುದ್ರ ತಡೆಯಲು.
ಮನೆಯ ಹಿಂದೆ ನೀನೇ ತೋಡಿದ ಚರಂಡಿಗೆ
ನೀರು ಬಂತು, ಎರಡಾಗಿ ಸೀಳಿತು,
ಆಚೆ ಅರ್ಧ ಈಚೆ ಅರ್ಧ ಮನೆಯನ್ನು ಬಳಸಿ
ಕತ್ತಲೆಯಲ್ಲಿ ಕೊಲ್ಲಿಯ ಕಡೆ ಇಳಿಯಿತು.
ಒದ್ದೆ ಬೂಟಿನಲ್ಲಿ ಒಳಗೆ ಬಂದು
"ಹೊರಟೇಹೋಯ್ತು," ಅಂದೆ,
ಮೋಸ ಹೋದವನ ದನಿಯಲ್ಲಿ.

ನಿನ್ನೆ ಡ್ರಾಯರಿನಲ್ಲಿ ಆ ರಸಮಟ್ಟ ಸಿಕ್ಕಿತು.
ಕೆಲಸವಿಲ್ಲದ್ದಕ್ಕೆ
ಒಂದೊಂದೇ ಮೆಟ್ಟಿಲ ಮೇಲಿಟ್ಟು ನೋಡಿದೆ.
ಎಲ್ಲ ನೆಟ್ಟಗಿವೆ, ನೆಮ್ಮದಿಯಾಗಿರು.
ನಾಲ್ಕನೆಯದರಲ್ಲಿ ಮಾತ್ರ ಗುಳ್ಳೆ
ಒಂದು ಕೂದಲೆಳೆಯಷ್ಟು
ಬೆಟ್ಟದ ಕಡೆಗೆ.