ಆಗಿಬರಂಗಿಲ್ಲ

ಶಹಾಪುರದ ಗಲ್ಲಿಯೊಳಗ ನಂದೊಂದು ಡಬ್ಬಿ ಧಂದೆ.
ದಿನಾ ಅರವತ್ತು ಡಬ್ಬಿ, ಎರಡು ಸ್ಕೂಟರು.
ಮುಚ್ಚಳದ ಮ್ಯಾಲ ಹಸರು ಚುಕ್ಕಿ ಅಂದ್ರ ಕಾಯಿಪಲ್ಯೆ,
ಕೆಂಪು ಚುಕ್ಕಿ ಅಂದ್ರ ತತ್ತಿ, ಮಟನ್ನು.
ಇಪ್ಪತ್ತೆರಡು ವರ್ಷ
ಈ ಎರಡು ಚುಕ್ಕಿ ಸಾಕಾಗಿದ್ದವು.

ಆಷಾಢದಾಗ ಒಬ್ಬ ಮಾರಾಟದ ಹುಡುಗ ಬಂದು
ಥರ್ಮಾಕೋಲ್ ಪೆಟಗಿ ತಗದ.
"ಅಕ್ಕಾರ, ಇದು ಮಾಂಸ ಅಲ್ಲ, ಮಾಂಸದಂಗ.
ಕುರಿ ಇಲ್ಲ, ಕೋಳಿ ಇಲ್ಲ, ಟಾಕಿಯೊಳಗ ಬೆಳದದ್ದು."
ಏನು ಬೆಳದದ್ದು? ಅಂದೆ.
ಗಂಟಲು ಕೆರಕೊಂಡ:
"ಒಂದು ನಮೂನಿ... ಬೂಸರು."

ನಕ್ಕೆ. ಮೂರು ದಿನದ ಚಪಾತಿಗೆ ಪುಕ್ಕಟೆ ಬರೂದನ್ನ
ರೊಕ್ಕ ಕೊಟ್ಟು ತಗೊಳ್ಳೂದು!
ಆದ್ರ ಎಣ್ಣ್ಯಾಗ ಬಿಟ್ಟರ ಎಳಿಎಳಿಯಾಗಿ ಬಿಚ್ಚಿಕೊಂತು,
ಹಲ್ಲಿಗೆ ಹಲ್ಲಿನ ಕೆಲಸ ಕೊಟ್ಟಿತು.
ಒಣಕೊಬ್ಬರಿ, ಗಸಗಸಿ, ದಗಡಫೂಲ ಅರದು ಹಾಕಿದೆ.
ಕುಸ್ತಿ ಹುಡುಗ ಪರಶ್ಯಾ ಎರಡು ಡಬ್ಬಿ ಬೇಡಿದ.
ವಡಗಾಂವಿಯ ಮಗ್ಗದ ಶಟ್ಟೆಪ್ಪ
ಬಟ್ಟಲಾ ತೊಳದಂಗ ನೆಕ್ಕಿ ಕಳಿಸಿದ.
ಯಾರಿಗೂ ಏನೂ ಆಗಲಿಲ್ಲ.
ಮಂಗಳವಾರ ಅಂದ್ರ ಅದು, ಹಸರು ಚುಕ್ಕಿ.

ಬ್ಯಾಂಕಿನ ಧನ್ಯಕುಮಾರ ಒಬ್ಬನ ಹೇಳಿದ:
"ನಾಲಿಗಿ ಕಡೀತತ್ರಿ."
ಖಾರ ಹೆಚ್ಚಾಗಿರಬೇಕು, ಮಜ್ಜಿಗಿ ಕುಡಿ ಅಂದೆ.

ಮುಂದಿನ ಮಂಗಳವಾರ ಅವನ ಫೋನು.
ಮಾತಿಲ್ಲ.
ತೂತುಬಿದ್ದ ತಿದಿ ಎಳದಂಗ ಉಸಿರು ಅಷ್ಟ.

ತುಟಿ ಬಾತಿತ್ತು, ಕಣ್ಣು ಸೀಳಾಗಿದ್ದವು,
ತೊಡಿಗೆ ಸೂಜಿ ಚುಚ್ಚಿಕೋತ ಡಾಕ್ಟರಬಾಯಿ ನನ್ನ ಕೇಳಿದಳು:
ಏನು ಕೊಟ್ಟಿದ್ರಿ?
ಪಲ್ಯೆ ಅಂದೆ.
ಏನು ಕೊಟ್ಟಿದ್ರಿ?
ಮಾಂಸದಂಗ ಒಂದು ಅಂದೆ.
ಮೂರನೇ ಸಲಕ್ಕ ಬೂಸರು ಬಾಯಿಂದ ಬಿತ್ತು.

ಉಸಿರು ತಿರುಗಿದ ಮ್ಯಾಲ ಅವನ ಕಡೆ ಹೊಳ್ಳಿದಳು:
ಮಳಿಗಾಲದಾಗ ಎದಿ ಗೊರಗೊರ ಅಂತತೇನು?
ಮನಿ ಗ್ವಾಡಿ ಹಸಿ ಅದಾವೇನು?
ಅವ ತಲಿ ಹಾಕಿದ.
"ಎಲ್ಲಾರಿಗೂ ಹಿಂಗಾಗಂಗಿಲ್ಲ. ಭಾಳ ಮಂದಿ ತಿಂದು ಅರಗಿಸ್ಕೊಂತಾರ.
ಪರೀಕ್ಷಾ ಮಾಡಿ ನೋಡೋಣು."

ನನಗ ಪರೀಕ್ಷಾ ಬೇಕಾಗಿರಲಿಲ್ಲ.
ಅವನ ಖೋಲಿಯ ಕರೀ ಗ್ವಾಡಿ ಕಂಡವಳು ನಾನು,
ಡಬ್ಬಿ ಇಡಾಕ ಹೋದಾಗ.
ಗ್ವಾಡಿ ಮ್ಯಾಲಿದ್ದದ್ದರ ಬಳಗ ತಾಟಿಗೆ ಬಂದಿತ್ತು.
ಮಸಾಲಿ ಹಚ್ಚಿ, ವೇಷ ತೊಡಿಸಿ, ನಾನ ಕಳಿಸಿದ್ದೆ.
ನಾಲಿಗಿ ಬರೇ ಕಡೀತು.
ರಕ್ತ ಗುರ್ತು ಹಿಡೀತು.

ರಾತ್ರಿ ಕಸದ ಬುಟ್ಟಿಯಿಂದ ಪಾಕೀಟು ಹೆಕ್ಕಿದೆ.
ಬೆಸಿಗಿಯ ಸುಕ್ಕಿನೊಳಗ ಎಳ್ಳಿನಷ್ಟು ಅಕ್ಷರ:
ಶಿಲೀಂಧ್ರ. ಕೆಳಗ, ತತ್ತಿಯ ಬಿಳಿ.
ಮೂಲ್ಯಾಗ ಕಂದು ಗುರ್ತು ಇತ್ತು.
ನಾನು ಹಸರು ಚುಕ್ಕಿ ಹಚ್ಚಿದ್ದೆ.

ನಮ್ಮ ಅತ್ತಿ ಬದನಿಕಾಯಿ ಕಂಡರ ತಾಟು ಸರಿಸತಿದ್ದಳು,
"ನನಗ ಆಗಿಬರಂಗಿಲ್ಲ ಬಾಯಿ."
ನಖರಾ ಅಂದುಕೊಂಡಿದ್ದೆ.
ಒಮ್ಮೆ ಸುಟ್ಟು ಕಿವುಚಿ ಬ್ಯಾಳ್ಯಾಗ ಮುಚ್ಚಿ ಹಾಕಿದೆ,
ನೋಡೂಣು ಅಂತ.
ಬಳಿ ತಗದಿಟ್ಟು ರಾತ್ರಿಯೆಲ್ಲಾ ಕೈ ಕೆರಕೊಂಡಳು.
ಸೊಳ್ಳಿ ಇರಬೇಕು ಅಂದೆ.
ಈಗ ಹೇಳೂಣಂದ್ರ ಅಕಿ ಇಲ್ಲ.

ಡಬ್ಬಿ ವಹಿಯೊಳಗ ಹೆಸರಿನ ಬಾಜೂಕ ಹೊಸಾ ಗೆರಿ ಹೊಡದೇನಿ.
ಒಬ್ಬೊಬ್ಬರನ್ನ ಕೇಳಿದೆ. ಇಪ್ಪತ್ತೆರಡು ವರ್ಷ ಕೇಳಿರಲಿಲ್ಲ.
ಶಟ್ಟೆಪ್ಪಗ ಶೇಂಗಾ. ರುಖಿಯಾ ಟೀಚರಗ ಹಾಲು.
ಪರಶ್ಯಾ ನಕ್ಕೋತ ಅಂದ,
"ನನಗ ಸೋಲು ಆಗಿಬರಂಗಿಲ್ರಿ ಅಕ್ಕಾರ."
ಅದನ್ನೂ ಬರಕೊಂಡೆ.

ಬೂಸರು ಬಿಟ್ಟಿಲ್ಲ. ಬೇಡೂ ಮಂದಿ ಅದಾರ,
ಅವರ ಡಬ್ಬಿಗೆ ಮೂರನೇ ಬಣ್ಣದ ಚುಕ್ಕಿ.
ಮಂಗಳವಾರ ಮಾತ್ರ ಧನ್ಯಕುಮಾರನ ಡಬ್ಬಿ ಮೊದಲು ತುಂಬತೇನಿ,
ಬ್ಯಾರೆ ಯಾವ ಗಡಿಗಿಗೂ
ಸೌಟು ಇಳಿಯೂಕಿಂತ ಮುಂಚೆ.