ಹೊಟ್ಟೆಪಾಡಿಗಲ್ಲದ ವೇಷ

ಗುರುವಾರ ಏಳಕ್ಕೆ ಲಾಂಡ್ರಿಯ ಬಾಗಿಲಿಗೆ
‘ಮುಚ್ಚಿದೆ’ ಬೋರ್ಡು ತಿರುಗಿಸುತ್ತೇನೆ.
ಶೆಬಾಯ್ಗನ್ ಊರು. ಎರಡು ಬೀದಿಯಾಚೆ ಸರೋವರ
ಮಂಜುಗಡ್ಡೆಯ ಹಲ್ಲು ಕಡಿಯುತ್ತಿರುತ್ತದೆ.
ಬಟ್ಟೆ ಮಡಿಸುವ ಉದ್ದ ಮೇಜಿನ ಮೇಲೆ
ನಕ್ಷೆ, ಪೆನ್ಸಿಲು, ಇಪ್ಪತ್ತು ಮುಖದ ದಾಳ,
ಯಾರೋ ಮರೆತುಹೋದ ಒಂಟಿ ಕಾಲುಚೀಲ:
ಅದು ನಮ್ಮ ಡ್ರ್ಯಾಗನ್.

ಕತೆ ನಡೆಸುವವಳು ನಾನು, ಆರ್ಲಿಸ್.
ಆಡುವವರು ಪಾ ನ್ಯಾ, ಅವಳ ತಮ್ಮ ಟೂ ಗೆರ್,
ಮತ್ತೆ ವರ್ಲಿನ್. ಅರವತ್ತೊಂದು.
ಮೂವತ್ತನಾಲ್ಕು ಚಳಿಗಾಲದಿಂದ ನಗರಸಭೆಯ
ಹಿಮ ತಳ್ಳುವ ಲಾರಿ ಓಡಿಸುತ್ತಿರುವವನು,
ಅವೇ ಹನ್ನೊಂದು ಬೀದಿ.

“ಯಾವ ಕ್ಲಾಸು?” ಮೊದಲ ದಿನ ಟೂ ಗೆರ್ ಕೇಳಿದ.
“ಹನ್ನೆರಡನೇದು ಮುಗಿಸಲಿಲ್ಲಪ್ಪ.”
ನಕ್ಕವರು ನಾವು, ಅವನಲ್ಲ.

ಮೊದಲು ಯೋಧ. ಕೊಡಲಿ ಕೊಟ್ಟೆವು, ಕಬ್ಬಿಣದಂಗಿ ಕೊಟ್ಟೆವು.
ಒಂದೇ ಏಟಿಗೆ ಗಾಬ್ಲಿನ್ ಉರುಳಿತು.
“ಅದರ ಮನೆಯಲ್ಲಿ ಯಾರಿದ್ದಾರೆ?” ಅಂದ.
ಅದನ್ನು ನಾನು ಬರೆದಿಟ್ಟಿರಲಿಲ್ಲ.
ಆ ರಾತ್ರಿ ಕೂತು ಬರೆದೆ:
ಒಬ್ಬ ಚಿಕ್ಕಮ್ಮ. ಮೂರು ಕಾಲಿನ ಒಂದು ನಾಯಿ.

ಆಮೇಲೆ ಮಂತ್ರವಾದಿ. ದಿನಕ್ಕೆ ಮೂರೇ ಮಂತ್ರ;
ಮೂರನ್ನೂ ಕಷ್ಟಕಾಲಕ್ಕೆಂದು ಎತ್ತಿಟ್ಟ,
ಸಾಸಿವೆ ಡಬ್ಬಿಯ ದುಡ್ಡಿನ ಹಾಗೆ.
ಸೇತುವೆ ಕುಸಿಯಿತು: ಇದೇನು ಕಷ್ಟ, ಅಂದ.
ರಾಕ್ಷಸ ಕಾಲು ಹಿಡಿದೆಳೆದ: ಇನ್ನೂ ಇದೆ ಮುಂದೆ, ಅಂದ.
ಮೂರನ್ನೂ ಬಾಯೊಳಗೇ ಇಟ್ಟುಕೊಂಡು ಸತ್ತ.
ಪಾ ನ್ಯಾ ಒಂದು ವಾರ ಮಾತು ಬಿಟ್ಟಳು.

ಕಳ್ಳನಾದ. ಕಳ್ಳನಿಗೆ ಬೇಕಾದ್ದು ಕತ್ತಲೆ, ಕೈಚಳಕ.
ಇವನೋ ಕಂಡ ಬಾಗಿಲನ್ನೆಲ್ಲ ತಟ್ಟಿ
“ಒಳಗೆ ಬರಬಹುದಾ?”
ಬೇಡವೆಂದರೆ ಸರಿ, ವಾಪಸು.
ಖಜಾನೆಯ ಕಾವಲುಗಾರನಿಗೆ ದನಿ ಕೊಡುವವಳು ನಾನೇ;
ಆ ಕಾವಲುಗಾರನಿಗೂ ಪಾಪ ಅನ್ನಿಸಿಬಿಟ್ಟಿತು.

ಗಾಯಕನಾಗಿ, ಹಾಡಬೇಕಾದ ಕಡೆ
ಹವಾಮಾನ ಹೇಳಿದ:
“ವಾಯವ್ಯದಿಂದ ಗಾಳಿ. ಸಂಜೆಗೆ ನಾಲ್ಕಂಗುಲ ಹಿಮ.”
ಗರ ಹಾಕಿದ. ಇಪ್ಪತ್ತು ಬಿತ್ತು!
ನಿಯಮವೆಂದರೆ ನಿಯಮ:
ಇಡೀ ಅರಮನೆ ಬಿಕ್ಕಿ ಬಿಕ್ಕಿ ಅತ್ತಿತು.

ಹೊಟ್ಟೆಪಾಡಿನ ವೇಷ ಎಲ್ಲರಿಗೂ ಗೊತ್ತಿರುವುದೇ.
ಇಪ್ಪತ್ತೇಳಕ್ಕೆ ಅವನಿಗೊಂದು ಕಿತ್ತಳೆ ಜಾಕೆಟ್ಟು ಕೊಟ್ಟರು,
ಅಳತೆ ಸರಿಹೋಯಿತು,
ಇನ್ನೊಂದನ್ನು ಯಾರೂ ತೋರಿಸಲಿಲ್ಲ.
ಹೊಟ್ಟೆಪಾಡಿಗಲ್ಲದ್ದಕ್ಕೆ ಕನ್ನಡಿ ಎಲ್ಲಿ ಹುಡುಕುವುದು?
ಬಟ್ಟೆ ತಿರುಗುವ ಯಂತ್ರದ ದುಂಡು ಗಾಜಿನಲ್ಲಿ
ಯಾರದೋ ಹೂವಿನ ಬೆಡ್‌ಶೀಟಿನ ಮೇಲೆ
ಅವನ ಮುಖ ನಿಂತಿದ್ದು ಕಂಡಿದ್ದೇನೆ, ಒಮ್ಮೆ.

ಅವನ ಹಾಳೆಯಲ್ಲಿ ಹೆಸರಿನ ಜಾಗ
ಅಳಿಸಿ ಅಳಿಸಿ ತೂತು.
ಹೊಸದು ಕೊಟ್ಟರೆ ಬೇಡವೆನ್ನುತ್ತಾನೆ.

ಡಿಸೆಂಬರಿನಲ್ಲಿ ಕಾಡಿನ ಯೋಗಿ, ಕರಡಿಯಾಗಬಲ್ಲವನು.
ಆದ.
ಮತ್ತೆ ಮನುಷ್ಯನಾಗಲು ಒಪ್ಪಲಿಲ್ಲ.
ಮೂರು ಗುರುವಾರ ಮೇಜಿನ ತುದಿಯಲ್ಲಿ ಮಾತಿಲ್ಲದೆ ಕೂತು
ಬೇಕೆನಿಸಿದಾಗ ಸಣ್ಣಗೆ ಗುರ್ ಅನ್ನುವನು.
ಅಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ನೋಡಿಲ್ಲ.
ಕರಡಿಯನ್ನು, ಅಂದರೆ.

ನಾಲ್ಕನೇ ಗುರುವಾರ ಹಿಮಗಾಳಿ. ಅವನಿಗೆ ಡ್ಯೂಟಿ.
ಗುಹೆಯ ಬಾಯಲ್ಲಿ ಕರಡಿ ಮಲಗಿದೆ ಎಂದು
ಕತೆ ಮುಂದೆ ನಡೆಸಿದೆ.
ಕಾಲುಚೀಲ ಬೆಂಕಿಯುಸಿರು ಬಿಟ್ಟಿತು.
ಕರಡಿಯ ಪಾಲಿನ ಗರ ನಾನೇ ಹಾಕಬೇಕು.
ಹಾಕಿದೆ. ನಾಲ್ಕು.
ಅಂಗೈ ಮುಚ್ಚಿ “ಹದಿನೇಳು” ಅಂದೆ.

ಆಗಲೇ ಗಾಜಿನಾಚೆ ತಿರುಗುವ ಕಿತ್ತಳೆ ಬೆಳಕು.
ಉಕ್ಕಿನ ಹಲಗೆ ರಸ್ತೆ ಕೆರೆಯುತ್ತ ಬಂದು
ನಮ್ಮ ಬಾಗಿಲೆದುರು ಒಂದು ಗೇಣು ಓರೆಯಾಯಿತು;
ಹಿಮದ ಗುಡ್ಡೆ ಆಚೆ ಸರಿದು ಬಿತ್ತು.
“ನಮಗೆ ಮಾತ್ರವಾ?” ಅಂದ ಟೂ ಗೆರ್, ಹೆಮ್ಮೆಯಿಂದ.
ಬೆಳಿಗ್ಗೆ ಹೊರಗೆ ಹೋಗಿ ನೋಡಿದೆ:
ಬೀದಿಯುದ್ದಕ್ಕೂ, ಎಲ್ಲ ಬಾಗಿಲಿಗೂ, ಹಾಗೆಯೇ.

ಮುಂದಿನ ವಾರ ಬಂದ. ಬೂಟು ಒದರಿ
ತೂತು ಹಾಳೆ ಹರಡಿದ.
“ಮತ್ತೆ ಕಳ್ಳನಾಗ್ತೀನಿ.
ಈ ಸಲ ಯಾರನ್ನೂ ಕೇಳದೆ ಬೀಗ ತೆಗೀತೀನಿ.”
ಪೆನ್ಸಿಲು ಎತ್ತಿಕೊಂಡ. ನನ್ನ ಕಡೆ ನೋಡಿದ.
“ತೆಗೀಬಹುದಲ್ಲ?”