ಎಣಿಕೆ

ಹಗ್ಗದ ತುದಿಯಿಂದ ಕೋರಲೀ ಕೂಗುತ್ತಾಳೆ:
"ಮುನ್ನೂರ ಹನ್ನೆರಡು. ಅಜ್ಜಾ, ಇನ್ನೂ ಮುಗಿದಿಲ್ಲ."
ಒಂದೇ ಎಕರೆ. ಅರಿಜೋನಾದ ಇದೇ ಪೈನ್ ಕಾಡಲ್ಲಿ
ನನ್ನಜ್ಜ ಜೋಡುಕುದುರೆಯ ಗಾಡಿ ಹೊಡೆಯುತ್ತಿದ್ದನಂತೆ,
ಒಂದು ಮರಕ್ಕೂ ಚಕ್ರ ತಾಗದೆ.

ಹಳೇ ಬೊಡ್ಡೆಯ ಮೇಲೆ ಬೆರಳಿಡುತ್ತೇನೆ:
ಇಲ್ಲೊಂದು ಕರಿಗೆರೆ, ಎಂಟು ಉಂಗುರ ದಾಟಿ ಇನ್ನೊಂದು,
ಆರು, ಹನ್ನೊಂದು, ಏಳು.
ಬೆಂಕಿ ಬರುತ್ತಿತ್ತು, ನೆಂಟರ ಹಾಗೆ,
ಹುಲ್ಲುಂಡು, ಸಸಿ ಮೆದ್ದು,
ದೊಡ್ಡವರ ಪಾದಕ್ಕಷ್ಟು ಮಸಿ ಬಳಿದು ಹೋಗುತ್ತಿತ್ತು.
ಆಮೇಲೆ ಗೆರೆಯಿಲ್ಲ. ತೊಗಟೆಯ ತನಕ ನುಣುಪು.

ಆ ನುಣುಪಿನೊಳಗೆ ನಾನಿದ್ದೇನೆ.
ಇಪ್ಪತ್ತೆಂಟು ಬೇಸಿಗೆ, ಸಲಿಕೆ, ಬೆನ್ನಿಗೆ ನೀರಿನ ಚೀಲ,
ಸಿಡಿಲು ಬಿದ್ದಲ್ಲಿಗೆ ಓಡಿ,
ಹೊಗೆ ಬೊಗಸೆಯಷ್ಟಿರುವಾಗಲೇ ಮಣ್ಣು ಮುಚ್ಚಿ ಬಂದವನು.
ಪದಕವೂ ಇದೆ, ಯಾವುದೋ ಡ್ರಾಯರಿನಲ್ಲಿ.

ನಾನು ಆರಿಸಿದ ಒಂದೊಂದು ಕಿಡಿಯೂ
ತೋಳುಗಾತ್ರದ ಮರವಾಗಿ ನಿಂತಿದೆ ಇಲ್ಲಿ,
ಭುಜಕ್ಕೆ ಭುಜ, ಬಾಯಾರಿ.

ಗುಡ್ಡದಾಚೆ, ಹೋದ ಜೂನಿನಲ್ಲಿ ಉರಿದ ಕಡೆಗೂ
ಎಣಿಸಲು ಹೋಗಿದ್ದೆವು.
ಹಗ್ಗ ಎಳೆದಳು. ಬರೆದಳು: ಸೊನ್ನೆ.
ಪೆನ್ಸಿಲ್ ತುಸು ಹೊತ್ತು ಅಲ್ಲೇ ಇತ್ತು.

"ಮುನ್ನೂರ ಹದಿಮೂರು."
ಜೇಬಿನಲ್ಲಿ ಬೆಂಕಿಪೊಟ್ಟಣ ತಡವುತ್ತೇನೆ.
ಗಾಳಿ ಎತ್ತ ಬೀಸುತ್ತಿದೆ, ನೋಡು ಮಗೂ.